ಹಾಸನದಿಂದ ರಾಕ್ ಶೋ ನೋಡುವ ಬಗ್ಗೆ

ಹಾಸನದಲ್ಲೇ ರಾಕ್, ಪಂಕ್ ಬ್ಯಾಂಡ್‌ಗಳನ್ನು ಲೈವ್ ನೋಡಬಹುದಾ, ಇಲ್ಲಾ ಪ್ರತಿ ಸಲ ಬೆಂಗಳೂರಿಗೇ ಹೋಗಬೇಕಾ ಅಂತ ಕೇಳಿದ್ದೀರಿ. ನಾನೂ ಹಾಸನದವನೇ. ಮೊದಲು ಇಲ್ಲಿನ ಕಾಲೇಜು ಫೆಸ್ಟ್‌ಗಳ ಮೇಲೆ ಕಣ್ಣಿಡಿ. ನಾನು ಮೊದಲ ಬ್ಯಾಂಡ್ ನೋಡಿದ್ದು ಅಂಥದ್ದೇ ಒಂದರಲ್ಲಿ. ಡ್ರಮ್ಸ್ ಜಾರದಿರಲಿ ಅಂತ ಕೆಳಗೆ ಹಳೇ ಜಮಖಾನ ಹಾಸಿದ್ದರು. ಬಾಸ್ ಗಿಟಾರ್ ಶುರುವಾದಾಗ ಎದೆಯೊಳಗೇ ಗುದ್ದಿದ ಹಾಗಾಯಿತು. ಮೊಬೈಲಿನಲ್ಲಿ ಎಷ್ಟು ಕೇಳಿದರೂ ಅದು ಸಿಗುವುದಿಲ್ಲ.

ಬಯಲಿನ ಶೋ ಆದರೆ ಬೇಗ ಹೋಗಿ. ರಾತ್ರಿ 10ರ ಮೇಲೆ ಮೈಕು ನಿಲ್ಲಿಸಬೇಕು ಅನ್ನುವ ನಿಯಮವಿದೆ. ಶುರುವಾಗುವುದು ತಡವಾದರೆ ಕೊನೆಯ ಬ್ಯಾಂಡ್‌ಗೆ ಎರಡೇ ಹಾಡು, ಪಾಪ.

ಪಂಕ್, ಮೆಟಲ್‌ನಂಥ ಅಬ್ಬರದ ರಾಕೇ ಬೇಕು ಅಂದರೆ ಮಾತ್ರ ಬೆಂಗಳೂರೇ ಸರಿ. ಸುಮಾರು 180 ಕಿ.ಮೀ. ಅಷ್ಟೇ ಅಲ್ವಾ? 1998ರಲ್ಲಿ ಶುರುವಾದ ಮೆಟಲ್ ಬ್ಯಾಂಡ್ ಕ್ರಿಪ್ಟೋಸ್ ಅಲ್ಲಿಯದೇ. ಕನ್ನಡದಲ್ಲೂ ಕೇಳಬೇಕು ಅನ್ನಿಸಿದರೆ ಸ್ವರಾತ್ಮ ಅನ್ನುವ ಬ್ಯಾಂಡ್ ಮತ್ತು ಗಾಯಕ ರಘು ದೀಕ್ಷಿತ್ ಅವರ ಶೋಗಳನ್ನು ಬಿಡಬೇಡಿ. ಶಿಶುನಾಳ ಶರೀಫರ ತತ್ವಪದವನ್ನು ರಘು ದೀಕ್ಷಿತ್ ಗಿಟಾರ್ ಜೊತೆ ಹಾಡುವಾಗ ಇಡೀ ಜನ ದನಿಗೂಡಿಸುತ್ತಾರೆ. ಟಿಕೆಟ್ ತೆಗೆಯುವ ಮುಂಚೆಯೇ ಮೆಜೆಸ್ಟಿಕ್‌ನಿಂದ ವಾಪಸ್ ಬರುವ ರಾತ್ರಿ ಬಸ್ಸಿನ ಸಮಯ ನೋಡಿಕೊಳ್ಳಿ.

ಇನ್ನೊಂದು ಮಾತು, ದಯವಿಟ್ಟು ಕೇಳಿ. ಸ್ಪೀಕರ್ ಮುಂದೆಯೇ ನಿಲ್ಲಬೇಡಿ. 100 ಡೆಸಿಬಲ್ ಶಬ್ದದಲ್ಲಿ 15 ನಿಮಿಷಕ್ಕಿಂತ ಜಾಸ್ತಿ ಇದ್ದರೆ ಕಿವಿಗೆ ಅಪಾಯ. ನನಗೆ ಒಮ್ಮೆ ಎರಡು ದಿನ ಕಿವಿ ಗುಂಯ್‌ಗುಟ್ಟಿತ್ತು. ಆಮೇಲಿಂದ ಜೇಬಿನಲ್ಲಿ ಇಯರ್‌ಪ್ಲಗ್ ಇಲ್ಲದೆ ಹೊರಡುವುದಿಲ್ಲ.