ಬೋನಸ್ ಕೊಡಲು ಆಗದ ವರ್ಷ ಕೆಲಸಗಾರರಿಗೆ ಏನು ಕೊಡಬಹುದು?

ಅಂಗಡಿಯಲ್ಲಿ ಎಂಟು ಜನ ಇದ್ದಾರೆ, ವ್ಯಾಪಾರ ಬಿದ್ದಿದೆ, ದೀಪಾವಳಿಗೆ ಬೋನಸ್ ಕೊಡೋಕಾಗಲ್ಲ, ಕಡಿಮೆ ಖರ್ಚಲ್ಲಿ ಏನು ಮಾಡಲಿ ಅಂತ ಕೇಳಿದ್ದೀರಿ. ನನ್ನದು ಕಲಬುರಗಿಯಲ್ಲಿ ಸಣ್ಣ ದಾಲ್ ಮಿಲ್, ಒಂಬತ್ತು ಜನ. ಒಂದು ವರ್ಷ ತೊಗರಿ ಆವಕವೇ ಇಲ್ಲ, ಮಿಷಿನ್ ವಾರಕ್ಕೆ ಮೂರು ದಿನ ಓಡಿದರೆ ಹೆಚ್ಚು.

ಆಗ ನಾನು ಮಾಡಿದ ದಡ್ಡತನ: ಮಿಲ್ ಹೆಸರು ಹಾಕಿಸಿ ಎಲ್ಲರಿಗೂ ಗೋಡೆ ಗಡಿಯಾರ ಕೊಟ್ಟೆ. ಹಳೇ ಹಮಾಲರೊಬ್ಬರು ನಕ್ಕು, "ಸಾವ್ಕಾರ್ರ, ಗಡಿಯಾರ ಚಲೋ ಅದರಿ. ಪಗಾರ ಟೈಮಿಗಿ ಬಂದ್ರ ಇನ್ನೂ ಚಲೋ ಇತ್ತು" ಅಂದರು. ನಾನು ಪಗಾರವನ್ನ ಹತ್ತು, ಹನ್ನೆರಡನೇ ತಾರೀಖಿಗೆ ಕೊಡ್ತಿದ್ದೆ. ಮುಂದಿನ ತಿಂಗಳಿಂದ ಒಂದನೇ ತಾರೀಖು ಮಾಡಿದೆ. ನೀವೂ ಮೊದಲು ಅದನ್ನ ನೋಡಿ.

ಆಮೇಲೆ ವಿಮೆ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾಗೆ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ. ಜೀವನ ಜ್ಯೋತಿಗೆ 436. ಅದರಲ್ಲಿ ಕಾಯಿಲೆಯಿಂದ ಹೋದರೂ 2 ಲಕ್ಷ, ಆದರೆ ಸೇರುವಾಗ ವಯಸ್ಸು 50 ದಾಟಿರಬಾರದು. ನಮ್ಮಲ್ಲಿ ಇಬ್ಬರದು ದಾಟಿತ್ತು, ಅವರಿಗೆ 20ರದ್ದು ಮಾತ್ರ. ಒಟ್ಟು 3,232 ರೂಪಾಯಿ ಆಯ್ತು. ದುಡ್ಡು ಅವರವರ ಖಾತೆಯಿಂದಲೇ ಕಟ್ ಆಗುತ್ತೆ, ಹಾಗಾಗಿ ಮೇ ತಿಂಗಳಲ್ಲೇ ಖಾತೆಗೆ ಹಾಕಿಬಿಡ್ತೀನಿ. ಫಾರ್ಮ್ ತುಂಬೋಕೆ ಬ್ಯಾಂಕಿಗೆ ನಾನೇ ಜೊತೆಗೆ ಹೋಗಿದ್ದೆ. ಅದು ಅವರಿಗೆ ಜಾಸ್ತಿ ಹಿಡಿಸಿತು ಅನ್ಸುತ್ತೆ.

ಖರ್ಚೇ ಇಲ್ಲದ್ದು ಅಂದರೆ ಕೆಲಸದ ಹೊತ್ತು ಬದಲಿಸೋದು. ನಮ್ಮ ಬಿಸಿಲಿಗೆ ಸರ್ಕಾರಿ ಆಫೀಸುಗಳೇ ಏಪ್ರಿಲ್, ಮೇನಲ್ಲಿ ಬೆಳಿಗ್ಗೆ 8ರಿಂದ 1.30ರವರೆಗೆ ನಡೆಯುತ್ತವೆ. ನಾವೂ ಆರಕ್ಕೆ ಶುರು ಮಾಡಿ ಹನ್ನೆರಡೂವರೆಗೆ ಮುಗಿಸ್ತೀವಿ.

ಎಳ್ಳಮಾವಾಸ್ಯೆಗೆ ಪಗಾರದ ಸಮೇತ ರಜೆ. ಹೊಸ ತೊಗರಿ ಬರೋ ಹೊತ್ತು, ಮಿಲ್ ನಿಲ್ಲಿಸೋಕೆ ಕೈಯೇ ಬರಲ್ಲ. ಆದರೆ ಹೊಲಕ್ಕೆ ಹೋಗಿ ಚರಗ ಚೆಲ್ಲೋ (ಬೆಳೆಗೆ ನೈವೇದ್ಯ ಎರಚೋ) ದಿನ ನಮ್ಮ ಕಡೆ ಯಾರ ಮನಸ್ಸೂ ಕೆಲಸದ ಮೇಲೆ ಇರಲ್ಲ. ಈಗ ಅವರೇ ನನ್ನನ್ನ ಕರೀತಾರೆ. ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಉಂಡು ಬರ್ತೀನಿ.

ಇನ್ನೊಂದು, ಮಾರಾಟವಾಗದ ಸರಕನ್ನ ಉಡುಗೊರೆ ಅಂತ ಕೊಡಬೇಡಿ. ನಾನು ನುಚ್ಚು ಬೇಳೆ ಕೊಟ್ಟು ನೋಡಿದ್ದೀನಿ, ಎಲ್ಲರಿಗೂ ಗೊತ್ತಾಗುತ್ತೆ.

ಕಾನೂನಿನ ಬೋನಸ್, ಅಂದರೆ ಕನಿಷ್ಠ 8.33 ಶೇಕಡಾ, ಎಂಟು ಜನರ ಅಂಗಡಿಗೆ ಕಡ್ಡಾಯವಲ್ಲ. ಆದರೂ ಈ ಸಲ ಇಲ್ಲ ಅನ್ನೋದನ್ನ ಇವತ್ತೇ ಹೇಳಿಬಿಡಿ. ಅದನ್ನ ನಂಬಿ ಹಬ್ಬಕ್ಕೆ ಸಾಲ ಮಾಡುವವರು ಇರ್ತಾರೆ.