ಸ್ಲ್ಯಾಬ್ ಹಾಕುವ ದಿನದ ಬಿಸಿಲು: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ನಾನು ರಾಯಚೂರಿನಲ್ಲಿ ಕಟ್ಟಡ ಕೆಲಸ ಮಾಡಿಸುವ ಮೇಸ್ತ್ರಿ. ಕಳೆದ ಮೇ ತಿಂಗಳಲ್ಲಿ ಸ್ಲ್ಯಾಬ್ ಹಾಕುವಾಗ, ಕೆಲಸಕ್ಕೆ ಸೇರಿ ಎರಡನೆಯ ದಿನವಾಗಿದ್ದ ಹುಡುಗನೊಬ್ಬ ಬಾಂಡ್ಲಿ ಹಿಡಿದುಕೊಂಡೇ ಏನೇನೋ ಮಾತನಾಡತೊಡಗಿದ. ಮೈ ಬೆವರುತ್ತಿತ್ತು, ಹಾಗಾಗಿ ಬಿಸಿಲು ಬಡಿದಿಲ್ಲವೆಂದುಕೊಂಡು ನೆರಳಿನಲ್ಲಿ ಕೂರಿಸಿದೆವು. ಸ್ವಲ್ಪ ಹೊತ್ತಿಗೆ ಎಚ್ಚರ ತಪ್ಪಿದ. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಉಳಿದುಕೊಂಡ. ಸ್ಲ್ಯಾಬ್ ಕೆಲಸವನ್ನು ನಡುವೆ ನಿಲ್ಲಿಸಲಾಗದು. ಈ ಬೇಸಿಗೆಯಲ್ಲಿ ಏನು ಮಾಡಬೇಕು? ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡರೆ ಬಿಸಿಲು ತಾಗದು ಎನ್ನುವುದು ನಿಜವೇ?

ಉತ್ತರ: ನಿಮ್ಮ ಪತ್ರದಲ್ಲಿ ನಾನು ಅಡಿಗೆರೆ ಎಳೆದುಕೊಂಡದ್ದು ಎರಡು ಮಾತಿಗೆ: ಹುಡುಗನಿಗೆ ಅದು ಎರಡನೆಯ ದಿನ, ಮತ್ತು ಅವನ ಮಾತು ದಾರಿ ತಪ್ಪಿತು. ಬೆವರನ್ನು ನಂಬಿ ನೀವು ಮೋಸಹೋದಿರಿ. ಮನೆಯಲ್ಲಿ ಮಲಗಿದ ವೃದ್ಧರಿಗೆ ಬಿಸಿಲಾಘಾತವಾದಾಗ ಚರ್ಮ ಸಾಮಾನ್ಯವಾಗಿ ಒಣಗಿರುತ್ತದೆ; ದುಡಿಯುವವರಲ್ಲಾದರೋ ಸ್ನಾಯುಗಳೇ ಒಳಗಿನಿಂದ ಶಾಖ ಹುಟ್ಟಿಸುತ್ತಿರುವುದರಿಂದ, ಬೆವರು ಸುರಿಯುತ್ತಿರುವಾಗಲೇ ಒಳಮೈಯ ಉಷ್ಣತೆ 40 ಡಿಗ್ರಿ ದಾಟಿ ಮಿದುಳಿಗೆ ಪೆಟ್ಟು ಬೀಳಬಹುದು. ಆದ್ದರಿಂದ ಬಿಸಿಲಿನಲ್ಲಿ ಕೆಲಸ ಮಾಡುತ್ತಿರುವವನು ತೊದಲಿದರೆ, ತೂರಾಡಿದರೆ, ಕಾರಣವಿಲ್ಲದೆ ಸಿಟ್ಟಾದರೆ, ಕೇಳಿದ್ದಕ್ಕೆ ಬೇರೇನೋ ಹೇಳಿದರೆ ಅದನ್ನು ಬಿಸಿಲಾಘಾತವೆಂದೇ ತಿಳಿಯಬೇಕು.

ಆಗ 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೆ ಕಾಯದೆ ಮೈ ತಣಿಸಲು ಶುರುಮಾಡಬೇಕು. ಬರೀ ನೆರಳು ಸಾಲದು. ನಿಮ್ಮ ಬಳಿ ಕ್ಯೂರಿಂಗಿಗೆಂದು, ಅಂದರೆ ಹಾಕಿದ ಕಾಂಕ್ರೀಟಿಗೆ ನೀರುಣಿಸಲೆಂದು, ತುಂಬಿಸಿದ ನೀರು ಹೇಗೂ ಇರುತ್ತದೆ; ಬಿಸಿಲಿನಲ್ಲಿ ನಿಂತ ಡ್ರಮ್ಮಿನ ನೀರು ಕಾದಿರುವುದರಿಂದ ಸಂಪಿನಿಂದ ಎತ್ತಿಕೊಳ್ಳಿ. ದಪ್ಪ ಬಟ್ಟೆ, ಬೂಟು ತೆಗೆದು ತಲೆಯಿಂದ ಕಾಲಿನವರೆಗೆ ಬಿಡದೆ ನೀರು ಹೊಯ್ಯುತ್ತ, ಇನ್ನಿಬ್ಬರು ರಟ್ಟಿನಿಂದ ಜೋರಾಗಿ ಗಾಳಿ ಬೀಸಬೇಕು. ಐಸ್ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಎಚ್ಚರ ಮಂಕಾಗಿರುವವನ ಬಾಯಿಗೆ ನೀರು ಹಾಕಬೇಡಿ, ಅದು ಶ್ವಾಸನಾಳಕ್ಕೆ ಇಳಿಯಬಹುದು. ಜ್ವರದ ಮಾತ್ರೆ ಈ ಉಷ್ಣತೆಯನ್ನು ಇಳಿಸುವುದಿಲ್ಲ.

ಇನ್ನು ಹೊಸಬರ ವಿಚಾರ. ಬಿಸಿಲಿಗೆ ಮೈ ಒಗ್ಗಲು ಒಂದರಿಂದ ಎರಡು ವಾರ ಬೇಕು. ಅಷ್ಟರಲ್ಲಿ ದೇಹ ಬೇಗ ಬೆವರಲು, ಬೆವರಿನಲ್ಲಿ ಉಪ್ಪನ್ನು ಕಡಿಮೆ ಕಳೆದುಕೊಳ್ಳಲು ಕಲಿಯುತ್ತದೆ. ಹೊಸಬನಿಗೆ ಮೊದಲ ದಿನ ಪೂರ್ಣ ಕೆಲಸದ ಐದನೇ ಒಂದು ಭಾಗವನ್ನಷ್ಟೇ ಬಿಸಿಲಿನಲ್ಲಿ ಕೊಟ್ಟು, ಪ್ರತಿದಿನ ಅಷ್ಟಷ್ಟೇ ಏರಿಸುವುದು ಸರಿಯಾದ ಕ್ರಮ. ಜಾತ್ರೆಗೆಂದು ಹೋಗಿ ಹತ್ತು ದಿನ ಬಿಟ್ಟು ಬಂದ ಹಳೆಯ ಗೌಂಡಿಯೂ ಸ್ವಲ್ಪಮಟ್ಟಿಗೆ ಹೊಸಬನೇ. ಸ್ಲ್ಯಾಬಿನ ದಿನ ಇಂಥವರನ್ನು ಮೇಲೆ ಹತ್ತಿಸದೆ ನೆರಳಿನ ಕೆಲಸಕ್ಕೆ ಹಾಕಿ.

ಕೆಲಸ ನಿಲ್ಲಿಸಲಾಗದು ಎಂಬ ನಿಮ್ಮ ಕಷ್ಟ ನಿಜ, ಆದರೆ ಆರಂಭದ ಹೊತ್ತು ನಿಮ್ಮ ಕೈಯಲ್ಲೇ ಇದೆ. ದೀಪ ಕಟ್ಟಿಕೊಂಡು ನಸುಕಿನಲ್ಲೇ ಮಿಕ್ಸರ್ ತಿರುಗಿಸಿದರೆ ಹನ್ನೊಂದರೊಳಗೆ ಬಹುಪಾಲು ಮುಗಿಯುತ್ತದೆ. ಉರಿಬಿಸಿಲಿನಲ್ಲಿ ಹಾಕಿದ ಕಾಂಕ್ರೀಟು ಬೇಗ ಗಟ್ಟಿಯಾಗಿ ಬಿರುಕು ಬಿಡುವುದರಿಂದ ಮನೆಯ ಮಾಲೀಕರೂ ಒಪ್ಪಿಯಾರು. ದೊಡ್ಡ ಸ್ಲ್ಯಾಬಾದರೆ ಎರಡು ತಂಡ ಮಾಡಿ ಸರದಿಯಲ್ಲಿ ನೆರಳಿಗೆ ಕಳಿಸಿ. ಹೊತ್ತು ತಪ್ಪದೆ ಕಂಬಗಳಿಗೆ ನೀರುಣಿಸುವ ನಾವು ಆ ಕಂಬ ಕಟ್ಟಿದವರಿಗೆ ಬಾಯಾರಿಕೆಯಾಗಲಿ ಎಂದು ಕಾಯುತ್ತೇವೆ! ಹದಿನೈದು-ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ ಸುಮಾರು 240 ಮಿಲಿಲೀಟರ್ ನೀರನ್ನು ಅವರಿದ್ದಲ್ಲಿಗೇ ಕಳಿಸಿ. ಗಂಟೆಗೆ ಒಂದೂವರೆ ಲೀಟರ್ ಮೀರುವುದು ಬೇಡ, ಏಕೆಂದರೆ ಅತಿಯಾದ ನೀರಿನಿಂದ ರಕ್ತದಲ್ಲಿನ ಉಪ್ಪಿನಂಶ ಇಳಿದುಹೋಗುತ್ತದೆ. ಗಂಟೆಗಟ್ಟಲೆ ಬೆವರಿದವರಿಗೆ ನಡುನಡುವೆ ಉಪ್ಪು ಬೆರೆಸಿದ ಮಜ್ಜಿಗೆ ಅಥವಾ ಓಆರ್‌ಎಸ್ ಒಳ್ಳೆಯದು. ಹಿಂದಿನ ರಾತ್ರಿ ಮದ್ಯ ಕುಡಿದವರನ್ನು ಆ ದಿನ ದೂರವಿಡಿ.

ಉಳ್ಳಾಗಡ್ಡಿ ರೊಟ್ಟಿಯ ಜೊತೆ ರುಚಿ. ಜೇಬಿನಲ್ಲಿ ಅದರಿಂದ ಏನೂ ಆಗದು.

ಪ್ರಶ್ನೆ: ನಮ್ಮದು ಕುಂದಾಪುರದ ಕಡೆ. ಮಳೆಗೆ ಮುಂಚೆ ಮನೆಗಳ ಮಾಡು ಹತ್ತಿ ಹಂಚು ಕೈಯಾಡಿಸುವ, ಅಂದರೆ ಹಂಚುಗಳನ್ನು ಸರಿಪಡಿಸುವ, ಕೆಲಸ ಮಾಡುತ್ತೇನೆ. ಇಲ್ಲಿ 35 ಡಿಗ್ರಿ ದಾಟುವುದೇ ಅಪರೂಪ. ನಮಗೂ ಇಷ್ಟು ಎಚ್ಚರ ಬೇಕೇ?

ಉತ್ತರ: ಬೇಕು. ಮೈ ತಣ್ಣಗಾಗುವುದು ಬೆವರು ಆರಿದಾಗ. ಕರಾವಳಿಯ ತೇವದ ಗಾಳಿಯಲ್ಲಿ ಅದು ಆರದೆ ತೊಟ್ಟಿಕ್ಕುತ್ತದೆ. ಹವಾಮಾನ ಇಲಾಖೆಯೂ ಬಿಸಿಗಾಳಿಯನ್ನು ಅಳೆಯುವಾಗ ಬಯಲುಸೀಮೆಗೆ 40 ಡಿಗ್ರಿಯನ್ನು, ಕರಾವಳಿಗೆ 37 ಡಿಗ್ರಿಯನ್ನು ಕನಿಷ್ಠ ಮಿತಿಯಾಗಿ ಇಟ್ಟುಕೊಂಡಿದೆ. ಅದಲ್ಲದೆ ಇಲಾಖೆ ಹೇಳುವ ಅಂಕಿ ನೆರಳಿನಲ್ಲಿಟ್ಟ ಉಷ್ಣಮಾಪಕದ್ದು. ಕಾದ ಹಂಚಿನ ಮೇಲೆ ಕುಳಿತವರಿಗೆ ತಾಗುವ ಶಾಖ ಅದಕ್ಕಿಂತ ಬಹಳ ಹೆಚ್ಚು. ಮಾಡಿನ ಮೇಲೆ ತಲೆ ತಿರುಗಿದರೆ ಬೀಳುವ ಅಪಾಯವೂ ಇದೆ. ಪೂರ್ವದ ಮಾಡನ್ನು ಸಂಜೆಗೂ ಪಶ್ಚಿಮದ ಮಾಡನ್ನು ಬೆಳಿಗ್ಗೆಗೂ ಇಟ್ಟುಕೊಳ್ಳಿ, ಕೆಳಗೆ ಒಬ್ಬರು ನಿಮ್ಮೊಡನೆ ಮಾತನಾಡುತ್ತಲೇ ಇರಲಿ.