ತಪ್ಪೊಪ್ಪಿ ಸಹಿ ಮಾಡಿದ ಮೇಲೆ ಅಪೀಲಿಗೆ ದಾರಿ ಇದೆಯಾ?

ಮುಂಡರಗಿ ತಾಲ್ಲೂಕಿನ ಓದುಗರೊಬ್ಬರ ಪತ್ರ ಬಂದಿದೆ. ಹೆಸರು ಬೇಡ ಅಂದಿದ್ದಾರೆ. ಅವರ ತಮ್ಮ ಗೂಡ್ಸ್ ಗಾಡಿ ಓಡಿಸುತ್ತಿದ್ದ. ಕಳೆದ ವರ್ಷ ಗಾಡಿ ಬಡಿದು ಬೈಕ್ ಸವಾರರೊಬ್ಬರು ತೀರಿಕೊಂಡರು. ತಮ್ಮ ತಪ್ಪೊಪ್ಪಿಕೊಂಡು, ಮೃತರ ಮನೆಯವರಿಗೆ ಪರಿಹಾರ ಕೊಟ್ಟು ಕಾಗದಕ್ಕೆ ಸಹಿ ಹಾಕಿದ. 15 ತಿಂಗಳ ಶಿಕ್ಷೆಯಾಯಿತು. “ಸಹಿ ಮಾಡಿದ್ರ ದಂಡ ಕಟ್ಟಿ ಮನೀಗೆ ಬರ್ತಾನ ಅಂದಿದ್ರು. ಈಗ ಅಪೀಲಿಲ್ಲ ಅಂತಾರ. ಖರೇನಾ?” ಎಂದು ಕೇಳಿದ್ದಾರೆ.

ಅಕ್ಕಾ, ತೀರ್ಪು ಬಂದು 18 ದಿನ ಆಯಿತು ಅಂತ ಬರೆದಿದ್ದೀರಿ. ಸಂಚಿಕೆ ಅಚ್ಚಾಗುವವರೆಗೆ ಕಾಯುವುದು ಬೇಡ ಅಂತ ಈ ಉತ್ತರವನ್ನು ನಿಮಗೆ ಅಂಚೆಯಲ್ಲೂ ಕಳಿಸಿದ್ದೇವೆ.

ಮೊದಲು ತೀರ್ಪಿನ ಪ್ರತಿ ತೆಗೆಸಿಕೊಳ್ಳಿ. ಜೈಲು ಶಿಕ್ಷೆಯಾದವನಿಗೆ ಅದನ್ನು ಪುಕ್ಕಟೆ ಕೊಡಬೇಕು. ನಿಮ್ಮ ತಮ್ಮ ಯಾವ ದಾರಿಯಲ್ಲಿ ತಪ್ಪೊಪ್ಪಿಕೊಂಡ ಅನ್ನುವುದು ಅದರಲ್ಲಿರುತ್ತದೆ. ಎಲ್ಲವೂ ಅದರ ಮೇಲೆ ನಿಂತಿದೆ.

ನ್ಯಾಯಾಧೀಶರು ಆರೋಪ ಓದಿ ಹೇಳಿದಾಗ “ಹೌದು, ತಪ್ಪಾಗಿದೆ” ಅಂತ ಸುಮ್ನೆ ಒಪ್ಪಿದ್ದರೆ ಗದಗಿನ ಜಿಲ್ಲಾ ಮತ್ತು ಸೆಷನ್ಸ್ ಕೋರ್ಟಿಗೆ ಅಪೀಲು ಹೋಗಬಹುದು. ತಪ್ಪು ಮಾಡಿಲ್ಲ ಅನ್ನೋ ವಾದ ಅಲ್ಲಿ ನಡೆಯುವುದಿಲ್ಲ. ಶಿಕ್ಷೆ ಜಾಸ್ತಿಯಾಯಿತು ಅಥವಾ ಕಾನೂನಿಗೆ ಹೊಂದುವುದಿಲ್ಲ ಅಂತ ಮಾತ್ರ ಕೇಳಬಹುದು. ಗಡುವು 30 ದಿನ. ತಡವಾದರೆ ಸರಿಯಾದ ಕಾರಣ ಕೊಟ್ಟು ಮನ್ನಿಸಿ ಅಂತ ಕೇಳಬೇಕು. ಅಪೀಲಿನ ಜೊತೆಗೇ ಜಾಮೀನನ್ನೂ ಕೇಳಬಹುದು.

ಆದರೆ ನೀವು ಹೇಳಿದ್ದು ನೋಡಿದರೆ ಇದು ಪ್ಲೀ ಬಾರ್ಗೇನಿಂಗ್ ಇದ್ದ ಹಾಗಿದೆ. ಅಂದರೆ ಆರೋಪಿ, ಸರ್ಕಾರಿ ವಕೀಲರು, ನೊಂದವರ ಕಡೆಯವರು ಕೂತು ಮಾಡಿಕೊಂಡ ಒಪ್ಪಂದ. ನಮ್ಮ ದೇಶದಲ್ಲಿ 2006ರಿಂದ ಇದೆ. ಹಾಗಿದ್ದರೆ ನಿಮಗೆ ಹೇಳಿದ ಮಾತು ಖರೆ. ಮಾಮೂಲಿ ಅಪೀಲು ಇಲ್ಲ. ಕೆಳಗಿನ ಕೋರ್ಟು ಕಾನೂನು ಮೀರಿದೆ, ಸರಿಪಡಿಸಿ ಅಂತ ಹೈಕೋರ್ಟಿಗೆ ಹಾಕುವ ರಿಟ್ ಅರ್ಜಿ, ಇಲ್ಲವೇ ಅಪೀಲು ಮಾಡಲು ಅನುಮತಿ ಕೊಡಿ ಅಂತ ಸುಪ್ರೀಂ ಕೋರ್ಟಿಗೆ ಹಾಕುವ ವಿಶೇಷ ಅನುಮತಿ ಅರ್ಜಿ, ಇವೆರಡೇ ದಾರಿ. ಗದಗ ಜಿಲ್ಲೆ ಹೈಕೋರ್ಟಿನ ಧಾರವಾಡ ಪೀಠಕ್ಕೆ ಸೇರಿದ್ದರಿಂದ ರಿಟ್ ಹಾಕಲು ಬೆಂಗಳೂರಿಗೆ ಅಲೆಯಬೇಕಿಲ್ಲ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಆ 15 ತಿಂಗಳು. ಅಜಾಗರೂಕತೆಯಿಂದ ಸಾವಿಗೆ ಕಾರಣವಾದರೆ ಐಪಿಸಿ ಬದಲು ಬಂದ ಹೊಸ ನ್ಯಾಯ ಸಂಹಿತೆಯಲ್ಲಿ 5 ವರ್ಷದವರೆಗೆ ಶಿಕ್ಷೆ. ಇಂಥ ಒಪ್ಪಂದವಾದಾಗ ಕೋರ್ಟು ಅದರ ನಾಲ್ಕನೇ ಒಂದು ಭಾಗ ಕೊಡಬಹುದು ಅಂತ, ಕ್ರಿಮಿನಲ್ ಕೇಸು ಹೇಗೆ ನಡೆಸಬೇಕು ಅಂತ ಹೇಳುವ ಕಾನೂನಾದ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. 60 ತಿಂಗಳಲ್ಲಿ ಅದು 15 ತಿಂಗಳು. ಮೊದಲ ಸಲ ತಪ್ಪು ಮಾಡಿದವನಿಗೆ ಆರನೇ ಒಂದು ಭಾಗ, ಅಂದರೆ 10 ತಿಂಗಳು. ನಿಮ್ಮ ತಮ್ಮನಿಗೆ ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆಯಾಗಿಲ್ಲ ಅಂತೀರಿ. ಹಾಗಾದರೆ ಆ 5 ತಿಂಗಳು ಜಾಸ್ತಿ ಯಾಕೆ? ವಕೀಲರ ಮುಂದೆ ಈ ಲೆಕ್ಕವನ್ನೇ ಮೊದಲು ಇಡಿ. ತೀರ್ಪಿಗೆ ಮುಂಚೆ ಜೈಲಿನಲ್ಲಿದ್ದ ದಿನಗಳನ್ನು ಶಿಕ್ಷೆಯಲ್ಲಿ ಕಳೆದಿದ್ದಾರಾ, ಜೈಲಿಗೆ ಕಳಿಸದೆ ಸನ್ನಡತೆಯ ಮೇಲೆ ಬಿಡುವ ವಿಚಾರವನ್ನು ಕೋರ್ಟು ಕೇಳಿತ್ತಾ ಅಂತಲೂ ನೋಡಿಸಿ.

ದುಡ್ಡಿನ ಚಿಂತೆ ಬರೆದಿದ್ದೀರಿ. ಜೈಲಿನಲ್ಲಿರುವವರಿಗೆ ಆದಾಯ ಎಷ್ಟಿದ್ದರೂ ಸರ್ಕಾರದ ಉಚಿತ ಕಾನೂನು ನೆರವು ಸಿಗುತ್ತದೆ. ಗದಗಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಸಾಲ ಮಾಡಿ ವಕೀಲರನ್ನು ಹಿಡಿಯಬೇಡಿ.

ಇನ್ನೊಂದನ್ನು ಮುಚ್ಚಿಡದೆ ಹೇಳುತ್ತೇನೆ. ಒಪ್ಪಂದವೇ ರದ್ದಾದರೆ ಕೇಸು ಮತ್ತೆ ಮೊದಲಿನಿಂದ ನಡೆಯಬಹುದು. ಆಗ 5 ವರ್ಷದವರೆಗಿನ ಶಿಕ್ಷೆಯ ಭಯ ತಿರುಗಿ ಬರುತ್ತದೆ. ಗಂಡನನ್ನೋ ಮಗನನ್ನೋ ಕಳೆದುಕೊಂಡ ಆ ಮನೆಯವರೂ ಮತ್ತೆ ಕೋರ್ಟು ಹತ್ತಬೇಕಾಗುತ್ತದೆ. ಅದಕ್ಕೇ ಒಪ್ಪಂದ ಮುರಿಯಿರಿ ಅನ್ನುವುದಕ್ಕಿಂತ ಶಿಕ್ಷೆಯ ಲೆಕ್ಕ ಸರಿಪಡಿಸಿ ಅಂತ ಕೇಳುವುದೇ ಮೇಲು ಅಂತ ನನಗನಿಸುತ್ತದೆ.

ಆದರೆ ಅವನು ಸ್ವಂತ ಮನಸ್ಸಿನಿಂದ ಸಹಿ ಮಾಡಿರದಿದ್ದರೆ ಮಾತೇ ಬೇರೆ. ಅರ್ಜಿ ಬಂದ ಮೇಲೆ ನ್ಯಾಯಾಧೀಶರು ಆರೋಪಿಯನ್ನು ಎದುರು ಪಕ್ಷದವರಿಲ್ಲದೆ ಕರೆದು, ನಿನ್ನ ಇಷ್ಟದಿಂದಲೇ ಬಂದೆಯಾ ಅಂತ ವಿಚಾರಿಸಬೇಕು. ಮುಂದಿನ ಭೇಟಿಗೆ ಹೋದಾಗ ತಮ್ಮನನ್ನು ಕೇಳಿ: ಹಾಗೆ ಕರೆದು ಕೇಳಿದರಾ? ಎಷ್ಟು ತಿಂಗಳು ಅಂತ ಸಹಿಗೆ ಮುಂಚೆ ಯಾರಾದರೂ ಹೇಳಿದ್ದರಾ? ಕಾಗದ ಕನ್ನಡದಲ್ಲಿತ್ತಾ, ಓದಿ ಹೇಳಿದರಾ? ಅವನು ಹೇಳಿದ್ದನ್ನು ಹಾಗೇ ಬರೆದುಕೊಂಡು ತೀರ್ಪಿನ ಜೊತೆ ವಕೀಲರಿಗೆ ಕೊಡಿ.